ಮಳೆ ರಜೆಯಲ್ಲಿ ಮಕ್ಕಳ ಜೊತೆ ಅಡುಗೆಮನೆಯಲ್ಲಿ ಮಾಡುವ ಪ್ರಯೋಗ ಯಾವುದು?

ಮಗಳಿಗೆ 8 ವರ್ಷ, ಅಡುಗೆ ಸೋಡಾಕ್ಕೆ ವಿನೆಗರ್ ಹಾಕಿ ಜ್ವಾಲಾಮುಖಿ ಮಾಡಿಸಿದೆ, ಎರಡು ನಿಮಿಷ ಖುಷಿಪಟ್ಟು ಎದ್ದು ಹೋದಳು, ಬೇರೆ ಏನಾದರೂ ಇದೆಯಾ ಅಂತ ಕೇಳಿದ್ದೀರಿ. ಇದೆ. ಅರಿಶಿನದ ಚೀಟಿ ಮಾಡಿ.

ನೊರೆ ಉಕ್ಕಿದ ಮೇಲೆ ಮಗುವಿಗೆ ಕೇಳಲು ಏನೂ ಉಳಿಯುವುದಿಲ್ಲ. ಅದೇ ಒಂದು ಅರಿಶಿನದ ಚೀಟಿ ಕೈಗೆ ಕೊಟ್ಟು ನೋಡಿ, ಮನೆಯಲ್ಲಿರುವ ಪ್ರತಿ ಡಬ್ಬಿ, ಬಾಟಲಿ, ಭರಣಿಯೂ ಅವಳಿಗೆ ಒಂದು ಪ್ರಶ್ನೆಯಾಗುತ್ತದೆ.

ನಮ್ಮದು ಶಿರಸಿ ಹತ್ತಿರದ ಹಳ್ಳಿ. ಹೋದ ಮಳೆಗಾಲದಲ್ಲಿ ಶಾಲೆಗೆ ರಜೆ ಕೊಟ್ಟಾಗ ಅಣ್ಣನ ಮಗಳು ನನ್ನ ಜೊತೆ ಇದ್ದಳು. ಎರಡು ಚಮಚ ಅರಿಶಿನ ಪುಡಿಗೆ ಸ್ವಲ್ಪ ಬಿಸಿನೀರು ಹಾಕಿ ತೆಳ್ಳಗೆ ಕಲಸಿ, ಡ್ರಾಯಿಂಗ್ ಹಾಳೆಗೆ ಹಚ್ಚಿದೆವು. ನಮ್ಮ ಮಳೆಯಲ್ಲಿ ಏನು ಒಣಗುತ್ತದೆ ಹೇಳಿ. ಬಚ್ಚಲ ಒಲೆಯ ಪಕ್ಕ ಇಟ್ಟು ಒಣಗಿಸಿ, ಪುಡಿ ಕೊಡವಿ, ಎರಡು ಬೆರಳಗಲದ ಚೀಟಿಗಳಾಗಿ ಕತ್ತರಿಸಿದೆವು.

ಮೊದಲು ಬಟ್ಟೆ ಸೋಪಿನ ನೀರು. ಒಂದು ಹನಿ ಬಿದ್ದ ಕೂಡಲೇ ಅಲ್ಲಿ ಕಡು ಕೆಂಪು ಬೊಟ್ಟು ಮೂಡಿತು. ನೋಡುತ್ತಿದ್ದ ಹಾಗೆ ಅದರ ಅಂಚು ನಿಧಾನಕ್ಕೆ ಹಳದಿಯೊಳಗೆ ಹರಡಿತು. ಆ ಬೊಟ್ಟಿನ ನಡುವೆ ನಿಂಬೆರಸದ ಒಂದು ಹನಿ ಬಿಟ್ಟೆವು. ಒಳಗೆ ಮತ್ತೆ ಹಳದಿಯಾಯಿತು, ಸುತ್ತ ಕೆಂಪು ಬಳೆಯೊಂದು ಉಳಿಯಿತು. ಅವಳು ಚೀಟಿಯನ್ನು ಮೂಗಿನ ಹತ್ತಿರ ಹಿಡಿದುಕೊಂಡು ಎಷ್ಟೋ ಹೊತ್ತು ಮಾತೇ ಆಡಲಿಲ್ಲ.

ಮದುವೆ ಮನೆಯ ಆರತಿ ತಟ್ಟೆಯ ಕೆಂಪು ನೀರೂ ಇದೇ, ಅಲ್ವಾ? ಅರಿಶಿನದ ನೀರಿಗೆ ಸುಣ್ಣ ಸೇರಿಸಿದರೆ ಓಕುಳಿ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಬಣ್ಣ ಹುಳಿಯಲ್ಲಿ ಹಳದಿಯಾಗಿಯೇ ಇರುತ್ತದೆ. ಕ್ಷಾರ ಸಿಕ್ಕರೆ ಅದರ ಕಣ ಹೈಡ್ರೋಜನ್ ಬಿಟ್ಟುಕೊಡುತ್ತದೆ, ಆಗ ಅದು ಹೀರುವ ಬೆಳಕೇ ಬೇರೆಯಾಗುತ್ತದೆ, ನಮಗೆ ಕೆಂಪು ಕಾಣುತ್ತದೆ. 8 ವರ್ಷದವಳಿಗೆ ಇಷ್ಟೆಲ್ಲ ಬೇಡ. 'ಹುಳಿಯ ಎದುರಾಳಿ ಸಿಕ್ಕರೆ ಕೆಂಪಾಗುತ್ತದೆ' ಅಂದರೆ ಸಾಕು.

ಒಂದು ನಿಯಮ ಮಾತ್ರ ಬಿಡಬೇಡಿ. ಹನಿ ಹಾಕುವ ಮೊದಲು ಏನಾಗುತ್ತದೆ ಅಂತ ಅವಳೇ ಊಹಿಸಿ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ನಮ್ಮಲ್ಲಿ ಸೋಪು ಕೆಂಪಾದ ಮೇಲೆ ಅವಳು ಶಾಂಪೂ, ಪಾತ್ರೆ ತೊಳೆಯುವ ಲಿಕ್ವಿಡ್ ಎರಡಕ್ಕೂ 'ಕೆಂಪು' ಅಂತ ಧೈರ್ಯವಾಗಿ ಬರೆದಳು. ಎರಡೂ ಹಳದಿಯಾಗಿಯೇ ಉಳಿದವು. "ಅತ್ತೆ, ಇದು ಸೋಪೇ ಅಲ್ವಾ ಹಾಗಾದ್ರೆ?" ಅಂದಳು. ಆ ಪ್ರಶ್ನೆಗಾಗಿಯೇ ನಾನು ಈ ಪ್ರಯೋಗವನ್ನು ಎಲ್ಲರಿಗೂ ಹೇಳುತ್ತೇನೆ. ಎಣ್ಣೆಗೆ ಕ್ಷಾರ ಸೇರಿಸಿ ಮಾಡಿದ ಸೋಪು ಕ್ಷಾರದ ಗುಣ ಇಟ್ಟುಕೊಂಡಿರುತ್ತದೆ. ಶಾಂಪೂ ಮಾಡುವ ರೀತಿ ಬೇರೆ, ಕೂದಲಿಗೆ ಹಿತವಾಗಲಿ ಅಂತ ಅದನ್ನು ಸಾಮಾನ್ಯವಾಗಿ ಸ್ವಲ್ಪ ಹುಳಿ ಕಡೆಗೇ ಇಟ್ಟಿರುತ್ತಾರೆ. ನೊರೆ ಬಂದದ್ದೆಲ್ಲ ಒಂದೇ ಜಾತಿಯಲ್ಲ ಅಂತ ಅವಳಿಗೆ ಗೊತ್ತಾಯಿತು. ಅಡುಗೆ ಸೋಡಾದ ನೀರಿಗೆ ಚೀಟಿ ಬರೀ ಕಿತ್ತಳೆಗೆ ತಿರುಗಿದರೆ ಗಾಬರಿಯಾಗಬೇಡಿ. ಹುಳಿ, ಕ್ಷಾರ ಅಳೆಯುವ ಅಂಕಿಗೆ ಪಿಎಚ್ ಅನ್ನುತ್ತಾರೆ, 7ಕ್ಕಿಂತ ಕಡಿಮೆ ಇದ್ದರೆ ಹುಳಿ, ಹೆಚ್ಚಿದ್ದರೆ ಕ್ಷಾರ. ಅರಿಶಿನ ಬಣ್ಣ ಬದಲಿಸುವುದು ಪಿಎಚ್ 7.4ರಿಂದ 8.6ರ ನಡುವೆ, ಸೋಡಾದ ನೀರು ಸುಮಾರು 8.3. ಅಂದರೆ ಅರ್ಧ ದಾರಿಯಲ್ಲಿದೆ.

ಒಲೆಯ ಬೂದಿ ಸಿಕ್ಕರೆ ಇನ್ನೂ ಚೆನ್ನ. ಬೂದಿಯನ್ನು ನೀರಿನಲ್ಲಿ ಕದಡಿ, ತಿಳಿಯಾದ ಮೇಲೆ ಮೇಲಿನ ನೀರು ಬಸಿದುಕೊಳ್ಳಿ. ಅದರಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ. ಹಿಂದೆ ಬೂದಿಯಿಂದ ಪಾತ್ರೆಯ ಜಿಡ್ಡು ಹೋಗುತ್ತಿದ್ದುದಕ್ಕೆ ಇದೂ ಒಂದು ಕಾರಣ. ಎರಡು ಚಮಚ ಬೂದಿನೀರಿಗೆ ಚಿಟಿಕೆ ಅರಿಶಿನ ಹಾಕಿ ಕೆಂಪು ಮಾಡಿ, ಆಮೇಲೆ ಹುಳಿಯ ಹನಿ ಎಣಿಸುತ್ತಾ ಹಾಕಿ. ಎಷ್ಟನೇ ಹನಿಗೆ ಹಳದಿಯಾಗುತ್ತದೆ? ನಮ್ಮ ಲೋಟದಲ್ಲಿ ನಿಂಬೆರಸ 4 ಹನಿಗೇ ಕೆಲಸ ಮುಗಿಸಿತು, ಮಜ್ಜಿಗೆ 30 ದಾಟಿತು. ಅಪ್ಪೆಹುಳಿ, ನೆನೆಸಿದ ವಾಟೆಹುಳಿ, ಕಂಚಿಕಾಯಿ, ಎಲ್ಲದಕ್ಕೂ ಸಾಲಾಗಿ ಪರೀಕ್ಷೆ ನಡೆಯಿತು. ಮುರುಗಲು (ಕೋಕಂ) ಮಾತ್ರ ಈ ಲೆಕ್ಕಕ್ಕೆ ಆಗಲಿಲ್ಲ, ಅದರ ಬಣ್ಣವೇ ಕೆಂಪು. ದೊಡ್ಡ ಮಕ್ಕಳು ಪ್ರಯೋಗಶಾಲೆಯಲ್ಲಿ ಬ್ಯುರೆಟ್ ಎಂಬ ಅಳತೆಯ ಗಾಜಿನ ಕೊಳವೆ ಹಿಡಿದು ಮಾಡುವುದೂ ಇದನ್ನೇ.

ಅರಿಶಿನ ಸಾಕಾದರೆ ಕೆಂಪು ದಾಸವಾಳದ ಎಸಳನ್ನು ಬಿಸಿನೀರಿನಲ್ಲಿ ನೆನೆಸಿ. ನಿಂಬೆಗೆ ಕೆಂಪು, ಸೋಡಾಕ್ಕೆ ಹಸಿರು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಕವಳದ (ಎಲೆ ಅಡಿಕೆಯ) ಡಬ್ಬಿಯ ಸುಣ್ಣ ಮಕ್ಕಳ ಕೈಗೆ ಕೊಡಬೇಡಿ. ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಓಕುಳಿ ತೋರಿಸಬೇಕಿದ್ದರೆ ಅಕ್ಕಿಕಾಳಿನಷ್ಟು ಸುಣ್ಣವನ್ನು ನೀವೇ ಕದಡಿ, ಅವಳು ದೂರದಿಂದ ನೋಡಲಿ. ಬೂದಿನೀರನ್ನೂ ನೀವೇ ಬಸಿದುಕೊಡಿ. ಏನೇ ಆಗಲಿ ಕಣ್ಣಿಗೆ ಹಾರಿದರೆ ಕೂಡಲೇ ತುಂಬಾ ಹೊತ್ತು ನೀರು ಬಿಟ್ಟು ತೊಳೆದು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಪ್ರಯೋಗಕ್ಕೆ ಬಳಸಿದ್ದನ್ನು ಯಾರೂ ನೆಕ್ಕಿ ನೋಡಬಾರದು.

ಉಳಿದ ಚೀಟಿಗಳನ್ನು ಮುಚ್ಚಳ ಗಟ್ಟಿ ಇರುವ ಡಬ್ಬಿಯಲ್ಲಿ, ಕತ್ತಲಲ್ಲಿಡಿ. ಬೆಳಕಿಗೆ ಈ ಬಣ್ಣ ಮಾಸುತ್ತದೆ. ಹಾಗಾಗಿ ಅಂಗಿಗೆ ಅರಿಶಿನ ತಾಗಿದರೂ ಬೈಯಬೇಡಿ, ತೊಳೆದು ಬಿಸಿಲಿಗೆ ಹಾಕಿದರೆ ಕಲೆ ತಿಳಿಯಾಗುತ್ತದೆ. ಬಿಸಿಲು ಬರುವವರೆಗೆ ಕಾಯಬೇಕು ಅಷ್ಟೆ.