ಯಹೂದಿ ಮನೆಗೆ ಕೆಲಸಕ್ಕೆ ಹೋಗ್ತಿದ್ದೇನೆ. ಅವರಿಗೆ ನಾಯಿ ಕಂಡ್ರೆ ಆಗಲ್ವಂತೆ, ನಿಜವಾ?

ನಿಮ್ಮ ಪ್ರಶ್ನೆ ಓದಿ ಇಸ್ರೇಲಿನ ಪೆತಾಹ್ ಟಿಕ್ವಾ ಊರಿನ ಆ ಮೆಟ್ಟಿಲು ಕಣ್ಣ ಮುಂದೆ ಬಂತು. ನಾನೂ ಮಂಗಳೂರು ಕಡೆಯವಳು, ಇಸ್ರೇಲಿಗೆ ಕೇರ್‌ಗಿವರ್ ಆಗಿ ಹೋದವಳು. ನಾನು ನೋಡಿಕೊಳ್ಳುತ್ತಿದ್ದ ಅಜ್ಜನಿಗೆ 86 ವರ್ಷ. ಬಹಳ ಆಚಾರದವರು.

ಅಂಗಳಕ್ಕೆ ಬಂದ ಒಂದು ಬೀದಿನಾಯಿಗೆ ಬ್ರೆಡ್ ಹಾಕಿದೆ. ಅದು ಅಲ್ಲೇ ಉಳಿಯಿತು. ಅಜ್ಜ ಬೈತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ನಾನು ಊಟಕ್ಕೆ ಕೂತರೆ ಸಾಕು, "ಅದಕ್ಕೆ ಹಾಕಿದೆಯಾ?" ಅನ್ನುತ್ತಿದ್ದರು. ಸಾಕಿದ ಪ್ರಾಣಿಗೆ ಹಾಕದೆ ತಾನು ಉಣ್ಣಬಾರದು ಅಂತ ಯಹೂದಿಗಳ ಹಳೆಯ ಧರ್ಮಗ್ರಂಥ ತಾಲ್ಮುಡ್‌ನಲ್ಲೇ ಇದೆ. ಅವರ ಇನ್ನೊಂದು ಮಾತು, "ಸರಪಳಿ ಹಾಕು." ಅದೂ ಅಲ್ಲೇ ಇದೆ. ಗಡಿ ಊರಲ್ಲಾದರೆ ರಾತ್ರಿ ಬಿಚ್ಚಬಹುದು, ಅಷ್ಟೇ.

ನಾನು ಕೆಟ್ಟಿದ್ದು ಇಲ್ಲೇ. ನಿಮ್ಮ ಹಾಗೇ, ಇವರಿಗೆ ನಾಯಿ ಅಂದ್ರೆ ಆಗಲ್ಲ, ಅದಕ್ಕೇ ಕಟ್ಟು ಅಂತಾರೆ ಅಂದುಕೊಂಡೆ. ನಮ್ಮೂರಲ್ಲಿ ನಾಯಿ ಸುಮ್ನೆ ಜಗಲಿ ಮೇಲೆ ಬಿದ್ದಿರುತ್ತೆ, ಅಲ್ವಾ? ಅಜ್ಜನ ಕಣ್ಣೆದುರು ಕಟ್ಟುತ್ತಿದ್ದೆ, ಅವರು ಒಳಗೆ ಹೋದ ಮೇಲೆ ಬಿಚ್ಚುತ್ತಿದ್ದೆ.

ಒಂದು ಶುಕ್ರವಾರ ಸಂಜೆ ಶಬ್ಬಾತ್ (ಅವರ ವಾರದ ವಿಶ್ರಾಂತಿ ದಿನ) ಊಟಕ್ಕೆ ಮೊಮ್ಮಗಳು ಬಂದಳು. ಏಳು ತಿಂಗಳ ಬಸುರಿ. ನಾಯಿ ಬೊಗಳಿ ಹಾರಿತು. ಅವಳು ಕಂಬಿ ಹಿಡಿದು ಮೆಟ್ಟಿಲ ಮೇಲೆ ಕುಸಿದಳು. ನಾನು ಓಡಿ ಬಂದು ಹೇಳಿದ್ದು: "ಹೆದರಬೇಡಿ, ಅದು ಏನೂ ಮಾಡಲ್ಲ."

ಬಿಚ್ಚಿದ್ದು ತಪ್ಪೇ. ಆದರೆ ನನ್ನ ಕೆಲಸ ತಿಂದದ್ದು ಈ ಮಾತು. ಮೊದಲು ನಾಯಿ ಹಿಡಿಯಬೇಕಿತ್ತು. ಅವಳ ಕೈ ಹಿಡಿಯಬೇಕಿತ್ತು. ನಾನು ನಾಯಿಯ ಪರ ವಕಾಲತ್ತು ಮಾಡುತ್ತಾ ನಿಂತೆ! ಅವಳಿಗೂ ಮಗುವಿಗೂ ಏನೂ ಆಗಲಿಲ್ಲ, ಪುಣ್ಯ. ಶನಿವಾರ ಕತ್ತಲಾದ ಮೇಲೆ ಅಜ್ಜ ತಾಲ್ಮುಡ್ ತೆರೆದು ಒಂದು ಕಥೆ ಓದಿದರು. ಒಬ್ಬ ಬಸುರಿ ರೊಟ್ಟಿ ಸುಡಲು ಯಾರದೋ ಮನೆಗೆ ಹೋಗುತ್ತಾಳೆ. ನಾಯಿ ಬೊಗಳುತ್ತದೆ. "ಹೆದರಬೇಡ, ಅದರ ಕೋರೆಹಲ್ಲು ಕಿತ್ತಿದ್ದೇವೆ" ಅಂತಾನೆ ಯಜಮಾನ. "ನಿನ್ನ ಉಪಕಾರ ಮುಳ್ಳಿಗೆ ಎಸೆ, ಮಗು ಆಗಲೇ ಜಾರಿತು" ಅಂತಾಳೆ ಅವಳು. ನನಗೆ ತಲೆ ಎತ್ತಲಾಗಲಿಲ್ಲ.

ಹಾಗಾಗಿ ಪ್ರೀತಿಯಾ, ದ್ವೇಷವಾ ಅನ್ನುವ ನಿಮ್ಮ ಲೆಕ್ಕ ಬಿಡಿ. ಎಷ್ಟೋ ಆಚಾರದ ಮನೆಗಳಲ್ಲಿ ನಾಯಿ ಸಾಕಲ್ಲ, ನಿಜ. ಆದರೆ ನಾಯಿಯ ನಿಯತ್ತನ್ನು ಅವರು ಮರೆತಿಲ್ಲ. ಈಜಿಪ್ಟಿನಿಂದ ಹೊರಟ ರಾತ್ರಿ ಇಸ್ರೇಲ್ಯರ ಮೇಲೆ ಒಂದು ನಾಯಿಯೂ ಬೊಗಳುವುದಿಲ್ಲ ಅಂತ ಬೈಬಲಿನ ವಿಮೋಚನಕಾಂಡ 11ರಲ್ಲಿದೆ. ಕಾಡುಮೃಗ ಸೀಳಿದ ಮಾಂಸವನ್ನು ನಾಯಿಗೆ ಹಾಕಿ ಅಂತ ಮುಂದೆ ಬರುವುದು ಆ ಮೌನದ ಕೂಲಿ ಅಂತ ರಬ್ಬಿಗಳು (ಯಹೂದಿ ಧರ್ಮಗುರುಗಳು) ಓದಿದರು. ಜೆರುಸಲೇಮ್ ತಾಲ್ಮುಡ್ ಅನ್ನುವ ಇನ್ನೊಂದು ತಾಲ್ಮುಡ್‌ನಲ್ಲಿ ಇದಕ್ಕೆ ಉಲ್ಟಾ, ಅಲ್ಲಿ ನಾಯಿ ಬೊಗಳಿದ್ದೇ ದೊಡ್ಡದು. ಕುರುಬರ ಹಾಲಿಗೆ ಹಾವು ಬಾಯಿ ಹಾಕಿದ್ದು ಅದೊಂದೇ ನೋಡಿತ್ತು. ಬೊಗಳಿತು, ಯಾರಿಗೂ ಅರ್ಥವಾಗಲಿಲ್ಲ. ಕೊನೆಗೆ ತಾನೇ ಕುಡಿದು ಸತ್ತಿತು. ಅದಕ್ಕೆ ಸಮಾಧಿ ಕಟ್ಟಿದರು ಅಂತ ರಬ್ಬಿಗಳ ಇನ್ನೊಂದು ಹಳೆಯ ಗ್ರಂಥದಲ್ಲಿದೆ, ನಮ್ಮ ಮಂಡ್ಯದ ಆತಕೂರಲ್ಲಿ ಕಾಳಿ ಅನ್ನುವ ನಾಯಿಗೆ ಕಲ್ಲು ನಿಲ್ಲಿಸಿದ ಹಾಗೆ. (ಹೀಬ್ರೂನಲ್ಲಿ ನಾಯಿಗೆ ಕೆಲೆವ್. ಅದರರ್ಥ 'ಹೃದಯದ ಹಾಗೆ' ಅಂತ ಯಾರಾದರೂ ಫಾರ್ವರ್ಡ್ ಕಳಿಸಿದರೆ ನಂಬಬೇಡಿ, ಅದು ಪದದ ಆಟ.)

ನೀವು ಹೋದ ದಿನವೇ ಸರಪಳಿ ಎಲ್ಲಿದೆ ಅಂತ ಕೇಳಿ. ನನ್ನ ಜಾಗಕ್ಕೆ ಮುಂದಿನ ತಿಂಗಳು ಬೇರೆಯವಳು ಬಂದಳು. ನಾಯಿಯನ್ನು ಅಜ್ಜ ಇಟ್ಟುಕೊಂಡರು. ಕಟ್ಟಿ.