ನರ್ಸಿಂಗ್ ವಿದ್ಯಾರ್ಥಿಗಳಿಗೆ ವಯಸ್ಸಾದವರ ಕಷ್ಟ ತಿಳಿಸಲು ಯಾವ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ಒಳ್ಳೆಯದು?

ನಾನೂ ಮುಂಬೈಯಲ್ಲಿ ನರ್ಸಿಂಗ್ ಕಲಿಸುವವಳು. ಶುರುವಿನಲ್ಲಿ ಇದೇ ಪ್ರಶ್ನೆ ಹಿಡಿದುಕೊಂಡು ಓಡಾಡಿದ್ದೆ.

ಅಮೆರಿಕದ ಎಂಬಾಡೀಡ್ ಲ್ಯಾಬ್ಸ್ ಕಂಪನಿಯವರು ಮಾಡಿದ ಆಲ್ಫ್ರೆಡ್ ಎಂಬ ವಿಆರ್ ಪಾಠದ ಬಗ್ಗೆ ಓದಿರುತ್ತೀರಿ. ಕಣ್ಣಿಗೆ ಹೆಡ್‌ಸೆಟ್ ಹಾಕಿದರೆ ಸುತ್ತ ಬೇರೆಯದೇ ಲೋಕ, ಅದರಲ್ಲಿ ನೀವೇ 74 ವರ್ಷದ ಆಲ್ಫ್ರೆಡ್. ಮ್ಯಾಕ್ಯುಲರ್ ಡಿಜೆನರೇಶನ್ ಎಂಬ ಕಣ್ಣಿನ ಕಾಯಿಲೆ, ಹಾಗಾಗಿ ಎತ್ತ ನೋಡಿದರೂ ನಟ್ಟನಡುವೆ ಕಪ್ಪು ಕಲೆ. ಕಿವಿಯೂ ಮಂದ. ನಮ್ಮ ಕಾಲೇಜಿಗೂ ಅದೇ ಧಾಟಿಯದೊಂದು ಬಂತು. ಹೆಡ್‌ಸೆಟ್ ತೆಗೆದ ಹುಡುಗಿಯರ ಕಣ್ಣಲ್ಲಿ ನೀರು. ನನಗೋ ಖುಷಿಯೋ ಖುಷಿ! ಆ ಬಿಸಿಯಲ್ಲೇ ಎಲ್ಲರನ್ನೂ ಡೊಂಬಿವಲಿಯ ಒಂದು ವೃದ್ಧಾಶ್ರಮಕ್ಕೆ ಕರೆದುಕೊಂಡು ಹೋದೆ.

ಎಡವಿದ್ದು ಅಲ್ಲೇ. ಮಂಗಳೂರು ಕಡೆಯ ಅಜ್ಜಿಯೊಬ್ಬರು ತಟ್ಟೆ ಮಡಿಲಲ್ಲಿಟ್ಟುಕೊಂಡು ಅಲಸಂದೆ ಮುರಿಯುತ್ತಿದ್ದರು. ಅವರಿಗೂ ಆಲ್ಫ್ರೆಡ್‌ನದೇ ಕಾಯಿಲೆ. ಮುಖ ಒಂಚೂರು ಓರೆ. ಈ ಕಾಯಿಲೆಯಲ್ಲಿ ನಡುವಿನ ನೋಟ ಹೋದರೂ ಅಂಚಿನದು ಉಳಿದಿರುತ್ತದೆ, ಅದರಲ್ಲೇ ನೋಡುವುದು. ನಾರು ತೆಗೆಯಲು ಬೆರಳೇ ಸಾಕು. ನಮ್ಮ ಹುಡುಗಿ ಓಡಿಹೋಗಿ, "ಆಜೀ, ರಾಹೂ ದ್ಯಾ" (ಅಜ್ಜೀ, ಇರಲಿ ಬಿಡಿ) ಎಂದು ಮರಾಠಿಯಲ್ಲಿ ಕಿವಿಯ ಹತ್ತಿರ ಕಿರುಚಿ ತಟ್ಟೆ ಕಸಿದುಕೊಂಡಳು. ಊಟದ ಹೊತ್ತಿಗೆ ಇನ್ನೊಬ್ಬಳು ತುತ್ತು ಕಲಸಿ ಬಾಯಿಗಿಡಲು ಹೊರಟಳು. ಅಜ್ಜಿ ನನ್ನತ್ತ ತಿರುಗಿ, "ನನ್ನ ಕೈಗೆ ಎಂತ ಆಗಿದೆ ಮಾರಾಯ್ತಿ?" ಅಂದರು.

ಆಮೇಲೆ ಫೋನ್ ಮಾಡಿದಾಗ, ಮಕ್ಕಳನ್ನು ಇನ್ನು ಕಳಿಸಬೇಡಿ ಅಂದರು ಆಶ್ರಮದವರು. ಹುಡುಗಿಯರ ತಪ್ಪಲ್ಲ ಅದು. ಹೆಡ್‌ಸೆಟ್ ತೋರಿಸಿದ್ದು ಕಣ್ಣು ಹೋದ ಮೊದಲ ದಿನವನ್ನು. ಗಾಬರಿ, ತಡವರಿಕೆ, ಅಷ್ಟೇ. ವರ್ಷಗಟ್ಟಲೆ ಅದರ ಜೊತೆ ಬದುಕಿ ರೂಢಿಸಿಕೊಂಡ ಉಪಾಯ ಅದರಲ್ಲಿ ಎಲ್ಲಿರುತ್ತದೆ? ತಮಗಾದ ಗಾಬರಿಯನ್ನೇ ಅವರು ಅಜ್ಜಿಯ ಮುಖದಲ್ಲೂ ಕಂಡರು. ಇದನ್ನು ನಾನು ಮೊದಲೇ ಕೂರಿಸಿಕೊಂಡು ಹೇಳಬೇಕಿತ್ತು. ಅಳುವನ್ನೇ ಕಲಿಕೆ ಅಂದುಕೊಂಡು ಸುಮ್ನೆ ಬೀಗಿದೆ. ಇದು ಗೊತ್ತಿರದ ವಿಷಯವೂ ಅಲ್ಲ. ಅಮೆರಿಕದ ಮನಶ್ಶಾಸ್ತ್ರ ಸಂಶೋಧಕಿ ಏರಿಯೆಲ್ ಸಿಲ್ವರ್‌ಮನ್ ಮತ್ತು ಸಂಗಡಿಗರು 2015ರಲ್ಲೇ ತೋರಿಸಿದ್ದರು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓಡಾಡಿದವರಿಗೆ ಕುರುಡರ ಮೇಲೆ ಮರುಕವೇನೋ ಹುಟ್ಟಿತು, ಆದರೆ ಅವರು ಕೆಲಸ ಮಾಡಿ ಸ್ವಂತವಾಗಿ ಬದುಕಬಲ್ಲರು ಎಂಬ ನಂಬಿಕೆ ಉಳಿದವರಿಗಿಂತ ಕಮ್ಮಿಯಾಯಿತು. ಅದನ್ನು ನಾನು ಓದಿದ್ದು ಇದೆಲ್ಲ ಆದಮೇಲೆ.

ಅದಕ್ಕೇ ಹೇಳುವುದು, ಮರುಕ ಹುಟ್ಟಿಸುವುದು ನಿಮ್ಮ ಗುರಿಯಾಗಿದ್ದರೆ ಈ ಯೋಜನೆ ಬಿಟ್ಟುಬಿಡಿ. ನಮ್ಮ ಮಕ್ಕಳಲ್ಲಿ ಮರುಕ ಬೇಕಾದಷ್ಟಿದೆ. ಮುಟ್ಟುವ ಮುಂಚೆ ಕೇಳುವ ಅಭ್ಯಾಸ ಇಲ್ಲ. ಅದನ್ನು ಕಲಿಸಿ. ವಯಸ್ಸಿಗೆ ಕಿವಿ ಮಂದವಾದಾಗ ಮೊದಲು ತಪ್ಪುವುದು ತೆಳು ಕೀರಲು ದನಿಯ ಸ, ಶ, ತ ಥರದ ಅಕ್ಷರಗಳು. ಕಿರುಚಿದರೆ ಮಾತು ಇನ್ನೂ ಕಲಸಿಹೋಗುತ್ತದೆ. ಎದುರಿಗೆ ಕೂತು ನಿಧಾನವಾಗಿ ಮಾತಾಡಬೇಕು. ಕಿಟಕಿಗೆ ಬೆನ್ನು ಮಾಡಿ ನಿಲ್ಲಬಾರದು, ಮುಖ ಕಾಣುವುದಿಲ್ಲ.

ನಾನೀಗ ವಿಆರ್ ತೋರಿಸುವ ದಿನ ಆ ಕಾಯಿಲೆ ಇರುವ ಒಬ್ಬ ಹಿರಿಯರನ್ನು ಕ್ಲಾಸಿಗೇ ಕರೆಸುತ್ತೇನೆ. ಅಂಧೇರಿಯ ಒಬ್ಬ ನಿವೃತ್ತ ಮೇಷ್ಟ್ರು ಬರುತ್ತಾರೆ. ಇದರಲ್ಲಿ ಏನೇನು ಸುಳ್ಳು ಎಂದು ಹೇಳುತ್ತಾ ಹೋಗುತ್ತಾರೆ, ಜೊತೆಗೆ ನಮ್ಮ ಚಹಾವನ್ನೂ ಬೈಯುತ್ತಾರೆ. ಆ ಬೈಗುಳಕ್ಕೇ ಹುಡುಗಿಯರು ಸರಿಯಾಗುತ್ತಾರೆ.

ಹೆಡ್‌ಸೆಟ್ ಯಾವುದಾದರೂ ಆದೀತು. ಹಗುರವಾಗಿರಲಿ, ಕನ್ನಡಕದ ಮೇಲೆ ಹಾಕಲು ಬರಲಿ. ಕೆಲವರಿಗೆ ತಲೆ ಸುತ್ತುತ್ತದೆ, ಕುರ್ಚಿಯಲ್ಲಿ ಕೂರಿಸಿಯೇ ತೋರಿಸಿ.