ಮಹಾಯುದ್ಧದ ಪಿಸ್ತೂಲಿನ ನಕಲು: ದುಡ್ಡು ಹಾಕಬಹುದೇ?

ಪ್ರಶ್ನೆ: ನಮ್ಮೂರು ಸೋಮವಾರಪೇಟೆ ಕಡೆ. ಮನೆಯಲ್ಲಿ ಕೋವಿ ನೋಡಿಕೊಂಡೇ ಬೆಳೆದವನು ನಾನು. ಈಗ ಟೆಕ್ಸಸ್‌ನಲ್ಲಿದ್ದೇನೆ, ಗ್ರೀನ್ ಕಾರ್ಡ್ ಇದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಎಂ1911ಎ1 ಪಿಸ್ತೂಲಿನ ಮೇಲೆ ಮೊದಲಿನಿಂದಲೂ ಆಸೆ. ಅಸಲಿಗೆ ಎರಡು ಸಾವಿರ ಡಾಲರ್ ಮೇಲೆ ಹೇಳುತ್ತಾರೆ. ಟರ್ಕಿಯಲ್ಲಿ ಮಾಡಿದ ಅದೇ ಥರದ್ದು ಇಲ್ಲಿನ ಅಂಗಡಿಯಲ್ಲಿ 400ರ ಆಸುಪಾಸಿಗೆ ಸಿಗುತ್ತಿದೆ. ಇಷ್ಟು ಅಗ್ಗದ್ದನ್ನು ನಂಬಬಹುದೇ? ಕೈಗೆತ್ತಿಕೊಂಡಾಗ ಗಲಗಲ ಅಂದಿತು, ಅದೊಂದು ಅನುಮಾನ.

ಉತ್ತರ: ರೇಂಜಿಗೆ ಹೋಗಿ ಗುಂಡು ಹೊಡೆಯಬೇಕೆಂದಿದ್ದರೆ ನಕಲೇ ಸರಿ. ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡುತ್ತ ಕೂರಬೇಕೆಂದಿದ್ದರೆ ಮಾತ್ರ ಅಸಲಿಗೆ ದುಡ್ಡು ಕೂಡಿಸಿ. ಯುದ್ಧಕಾಲದ ಸ್ಲೈಡ್‌ಗಳನ್ನು (ಗುಂಡು ಹೊಡೆದಾಗ ಹಿಂದೆ ಮುಂದೆ ಸರಿಯುವ ಮೇಲ್ಭಾಗ) ಇಂದಿನವುಗಳಂತೆ ಪೂರ್ತಿ ಹದಗೊಳಿಸುತ್ತಿರಲಿಲ್ಲ. ಎಂಬತ್ತು ವರ್ಷದ ಉಕ್ಕಿನಲ್ಲಿ ವಾರಕ್ಕೆ ನೂರು ತೋಟಾ ಸುಟ್ಟರೆ ಎರಡು ಸಾವಿರ ಡಾಲರನ್ನು ನೀವೇ ಸವೆಸಿದ ಹಾಗೆ.

ಹಾಗೆ ನೋಡಿದರೆ ಈ ಪಿಸ್ತೂಲಿನಲ್ಲಿ ಅಸಲು-ನಕಲಿನ ಗೆರೆ ಮೊದಲಿನಿಂದಲೂ ತೆಳುವೇ. ವಿನ್ಯಾಸ ಜಾನ್ ಬ್ರೌನಿಂಗ್ ಅವರದು, ಸೈನ್ಯ ಒಪ್ಪಿಕೊಂಡದ್ದು 1911ರಲ್ಲಿ, ತಯಾರಿಸಿದ್ದು ಕೋಲ್ಟ್ ಕಂಪನಿ. ಎರಡನೇ ಯುದ್ಧ ಬಂದಾಗ ಕೋಲ್ಟ್ ಒಂದರಿಂದಲೇ ಪೂರೈಸಲು ಆಗಲಿಲ್ಲ. ಆಗ ಅತಿ ಹೆಚ್ಚು ಪಿಸ್ತೂಲು ಮಾಡಿಕೊಟ್ಟದ್ದು ಟೈಪ್‌ರೈಟರ್‌ಗೆ ಹೆಸರಾದ ರೆಮಿಂಗ್ಟನ್ ರ್‍ಯಾಂಡ್. ರೈಲ್ವೆ ಸಿಗ್ನಲ್ ಮಾಡುವ ಕಂಪನಿಯೂ ಕೈಹಾಕಿತು. ನಮ್ಮ ಅಜ್ಜಿಯರ ಹೊಲಿಗೆ ಯಂತ್ರದ ಸಿಂಗರ್ ಕಂಪನಿ ಮಾಡಿದ್ದು ಬರೀ 500. ಇವತ್ತು ಅಂಥದ್ದೊಂದು ಹರಾಜಿಗೆ ಬಂದರೆ ನಿಮ್ಮ ನನ್ನಂಥವರು ದೂರದಿಂದ ನೋಡಿ ಬರಬೇಕಷ್ಟೆ.

ಈಗ ಆ ಗಲಗಲದ ವಿಚಾರ. ಅದು ದೋಷವಲ್ಲ. ಬೇರೆ ಬೇರೆ ಕಾರ್ಖಾನೆಯ ಭಾಗಗಳು ಒಂದಕ್ಕೊಂದು ಕೂರಬೇಕು, ಕೆಸರು ಮರಳಿನಲ್ಲೂ ಓಡಬೇಕು ಎಂದು ಸೈನ್ಯದ ಪಿಸ್ತೂಲುಗಳಲ್ಲಿ ಬೇಕೆಂದೇ ಸಡಿಲ ಬಿಡುತ್ತಿದ್ದರು. ಸ್ಲೈಡ್ ಅಲ್ಲಾಡಿದರೆ ಅಲ್ಲಾಡಲಿ, ಬ್ಯಾರಲ್, ಅಂದರೆ ನಳಿಗೆ, ಅಲ್ಲಾಡಬಾರದು. ಅಂಗಡಿಯವರ ಅನುಮತಿ ಕೇಳಿ, ಮ್ಯಾಗಝಿನ್ (ಹಿಡಿಯೊಳಗಿನ ತೋಟಾ ಪೆಟ್ಟಿಗೆ) ತೆಗೆದು, ಸ್ಲೈಡ್ ಹಿಂದಕ್ಕೆಳೆದು ಚೇಂಬರ್ (ಬ್ಯಾರಲ್‌ನಲ್ಲಿ ತೋಟಾ ಕೂರುವ ಗೂಡು) ಖಾಲಿಯೆಂದು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಸ್ಲೈಡ್ ಮುಚ್ಚಿ, ಖಾಲಿ ತೋಟಾ ಹೊರಬೀಳುವ ಕಿಂಡಿಯಲ್ಲಿ ಕಾಣುವ ಬ್ಯಾರಲ್‌ನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ. ಕುಕ್ಕರಿನ ಗ್ಯಾಸ್ಕೆಟ್ ಒತ್ತಿದಂತೆ ಕೆಳಗಿಳಿದು ಮೇಲೆ ಬಂದರೆ ಆ ಪಿಸ್ತೂಲನ್ನು ಅಲ್ಲೇ ಬಿಟ್ಟು ಇನ್ನೊಂದು ಕೇಳಿ. ಒಂದೇ ಮಾದರಿಯ ಎರಡು ಪಿಸ್ತೂಲುಗಳ ನಡುವೆಯೂ ಈ ವ್ಯತ್ಯಾಸ ಇರುತ್ತದೆ.

ಮತ್ತೆ ಸ್ಲೈಡ್ ಹಿಂದಕ್ಕೆ ನಿಲ್ಲಿಸಿ ಒಳಗೆ ಟಾರ್ಚ್ ಹಿಡಿಯಿರಿ. ಮ್ಯಾಗಝಿನ್‌ನಿಂದ ಮೇಲೇಳುವ ತೋಟಾ ಮೊದಲು ಫ್ರೇಮಿನ (ಹಿಡಿ ಸೇರಿದ ಕೆಳಗಿನ ಮೈ) ಇಳಿಜಾರನ್ನು, ಆಮೇಲೆ ಬ್ಯಾರಲ್‌ನ ಇಳಿಜಾರನ್ನು ಹತ್ತಿ ಚೇಂಬರ್ ಸೇರುತ್ತದೆ. ಬ್ಯಾರಲನ್ನು ಹಿಂದಕ್ಕೂ ಕೆಳಕ್ಕೂ ಒತ್ತಿ ಹಿಡಿದಾಗ ಎರಡರ ನಡುವೆ ಉಗುರಿನ ದಪ್ಪದಷ್ಟು, ಅಂದರೆ ಮುಕ್ಕಾಲು ಮಿಲಿಮೀಟರಿನಷ್ಟು, ಮೆಟ್ಟಿಲು ಇರಬೇಕು. ಬ್ಯಾರಲ್‌ನ ಅಂಚು ಫ್ರೇಮಿನ ಮೇಲೆ ಚಾಚಿಕೊಂಡಿದ್ದರೆ ತೋಟಾದ ಮೂತಿ ಅಲ್ಲೇ ಎಡವುತ್ತದೆ. ಇದನ್ನು ಮನೆಯಲ್ಲಿ ಅರದಿಂದ ಉಜ್ಜಿ ಸರಿಮಾಡಲು ಹೋಗಿ ಫ್ರೇಮನ್ನೇ ಕೆಡಿಸಿಕೊಂಡವರನ್ನು ಬಲ್ಲೆ.

ಸೇಫ್ಟಿಗಳ ಪರೀಕ್ಷೆ ಎರಡು ನಿಮಿಷದ್ದು. ಹ್ಯಾಮರ್ ಎಳೆದಿಟ್ಟು, ಹಿಡಿಯ ಹಿಂದಿನ ಸೇಫ್ಟಿಯನ್ನು ಒತ್ತದೆ ಟ್ರಿಗರ್ ಎಳೆದರೆ ಹ್ಯಾಮರ್ ಬೀಳಬಾರದು. ಹೆಬ್ಬೆರಳಿನ ಸೇಫ್ಟಿ ಹಾಕಿ ಎಳೆದಾಗಲೂ ಬೀಳಬಾರದು, ಟ್ರಿಗರ್ ಬಿಟ್ಟು ಸೇಫ್ಟಿ ತೆಗೆದಾಗಲೂ ಬೀಳಬಾರದು. ಯಾವುದರಲ್ಲಾದರೂ ತಪ್ಪಿದರೆ ಬೆಲೆ ಇಳಿಸಿದರೂ ಬೇಡ.

ಟರ್ಕಿ ಎಂದು ಮೂಗು ಮುರಿಯಬೇಕಿಲ್ಲ. ಫಿಲಿಪ್ಪೀನ್ಸ್‌ನ ರಾಕ್ ಐಲ್ಯಾಂಡ್ ಪಿಸ್ತೂಲುಗಳ ಫ್ರೇಮ್ ಎರಕದ್ದು, ಟರ್ಕಿಯ ಟಿಸಾಸ್‌ನದು ಬಡಿದು ರೂಪಿಸಿದ ಉಕ್ಕು. ಎರಡೂ ಬಾಳಿಕೆ ಬರುತ್ತವೆ. ಸ್ಪ್ರಿಂಗ್‌ಫೀಲ್ಡ್ ಆರ್ಮರಿ ಎಂಬ ಹೆಸರು ಕಂಡು ಮಾತ್ರ ಹೆಚ್ಚಿಗೆ ಕೊಡಬೇಡಿ. ಆ ಹೆಸರಿನ ಸರ್ಕಾರಿ ಕಾರ್ಖಾನೆ 1968ರಲ್ಲೇ ಮುಚ್ಚಿತು, ಈಗಿನದು ಇಲಿನಾಯ್ಸ್‌ನ ಖಾಸಗಿ ಕಂಪನಿ. ಪಿಸ್ತೂಲು ಒಳ್ಳೆಯದೇ, ಇತಿಹಾಸ ಮಾತ್ರ ಅದರದ್ದಲ್ಲ.

ನಿಜವಾದ ತಲೆನೋವು ಬರುವುದು ಮ್ಯಾಗಝಿನ್‌ನಿಂದ. ಜೊತೆಗೆ ಕೊಡುವುದು ಹೆಚ್ಚಾಗಿ ಅಗ್ಗದ್ದು. ಒಳ್ಳೆಯ ಕಂಪನಿಯ 7 ತೋಟಾದ ಎರಡು ಮ್ಯಾಗಝಿನ್‌ಗಳ ದುಡ್ಡನ್ನು ಮೊದಲೇ ಲೆಕ್ಕಕ್ಕೆ ಸೇರಿಸಿ. ತೋಟಾ ಸೈನ್ಯ ಬಳಸುತ್ತಿದ್ದ, 230 ಗ್ರೇನ್ ತೂಕದ ದುಂಡುಮೂತಿಯ ಗುಂಡಿನದೇ ಇರಲಿ, ಈ ವಿನ್ಯಾಸ ಹುಟ್ಟಿದ್ದೇ ಅದಕ್ಕಾಗಿ. ಈ ಪಿಸ್ತೂಲಿಗೆ ಬೇಕಾದ .45 ಅಳತೆಯ ತೋಟಾ 9 ಎಂ.ಎಂ. ತೋಟಾಗಿಂತ ಸಾಕಷ್ಟು ದುಬಾರಿ. ತಿಂಗಳಿಗೆರಡು ಸಲ ರೇಂಜಿಗೆ ಹೋಗುವವರಿಗೆ ವರ್ಷ ಮುಗಿಯುವಷ್ಟರಲ್ಲಿ ತೋಟಾದ ಖರ್ಚು ಪಿಸ್ತೂಲಿನ ಬೆಲೆಯನ್ನು ದಾಟಿರುತ್ತದೆ.

ನನ್ನ ಮೊದಲ ನಕಲಿನ ಕತೆ ಹೇಳಿಬಿಡುತ್ತೇನೆ, ಕಂಪನಿಯ ಹೆಸರು ಬೇಡ. ಹಳೆಯ ಮಾದರಿಯಲ್ಲಿ ಮುಂದಿನ ಗುರಿಕಾಯಿ ಭತ್ತದ ಕಾಳಿನಷ್ಟೇ ಇರುತ್ತದೆ. ಅದನ್ನು ಸ್ಲೈಡಿನ ತೂತಿಗೆ ಸೇರಿಸಿ ಒಳಗಿನಿಂದ ಬಡಿದು ಕೂರಿಸಿರುತ್ತಾರೆ. ಇನ್ನೂರನೆಯ ಗುಂಡಿನ ಸುಮಾರಿಗೆ ಅದು ಹಾರಿಹೋಯಿತು. ಗುಂಡು ಯಾಕೆ ಮೇಲೆ ಮೇಲೆ ಹೋಗುತ್ತಿದೆ ಎಂದು ಇನ್ನೊಂದು ಮ್ಯಾಗಝಿನ್ ಪೂರ್ತಿ ಖಾಲಿ ಮಾಡಿದ ಮೇಲೆಯೇ ನನಗೆ ತಿಳಿದದ್ದು. ಕೊಳ್ಳುವಾಗ ಅದನ್ನು ಬೆರಳಿನಿಂದ ಅಲ್ಲಾಡಿಸಿ ನೋಡಿ.

ಅಸಲಿನ ಆಸೆ ಆಮೇಲೂ ಉಳಿದರೆ ಇನ್ನೊಂದು ದಾರಿಯಿದೆ, ಆದರೆ ಅದು ಅಮೆರಿಕದ ಪೌರತ್ವ ಸಿಕ್ಕಮೇಲಿನ ಮಾತು, ಗ್ರೀನ್ ಕಾರ್ಡ್ ಸಾಲದು. ಸೈನ್ಯದ ದಾಸ್ತಾನಿನಲ್ಲಿ ಉಳಿದಿದ್ದ ಈ 1911 ಮಾದರಿಯ ಪಿಸ್ತೂಲುಗಳನ್ನು ಅಲಬಾಮಾದ ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ ಎಂಬ ಸಂಸ್ಥೆ 2018ರಲ್ಲಿ ಲಾಟರಿ ಎತ್ತಿ ಮಾರಲು ಶುರುಮಾಡಿತು. ಆಗಿನ ಬೆಲೆ ದರ್ಜೆಗೆ ತಕ್ಕಂತೆ 850ರಿಂದ 1050 ಡಾಲರ್. ಯಾರ ಕಾರ್ಖಾನೆಯದು ಬರುತ್ತದೆಂಬುದು ನಿಮ್ಮ ಕೈಯಲ್ಲಿಲ್ಲ. ಸಿಕ್ಕರೆ ದಯವಿಟ್ಟು ಹೊಸದಾಗಿ ಬಣ್ಣ ಮಾಡಿಸಬೇಡಿ, ಆ ಬೂದು ಬಣ್ಣ ಹೋದರೆ ಅರ್ಧ ಬೆಲೆ ಹೋಯಿತು.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಇದೇ ಪಿಸ್ತೂಲು ನಾನೂ ಕೊಳ್ಳಬಹುದೇ? ಊರಿಗೆ ಬರುವಾಗ ಅಪ್ಪಾಜಿಗೆ ತರಬಹುದೇ?

ಉತ್ತರ: ಎರಡಕ್ಕೂ ಇಲ್ಲ ಎಂದೇ ತಿಳಿಯಿರಿ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ತಾತ್ಕಾಲಿಕ ವೀಸಾದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಬೇಟೆಯ ಲೈಸೆನ್ಸ್ ಇರುವವರಿಗೆ ಎಂಬಂಥ ಕೆಲವು ವಿನಾಯಿತಿಗಳಿವೆ. ಆದರೆ ವಕೀಲರನ್ನು ಕೇಳದೆ ಅವನ್ನು ನಂಬಿ ಹೊರಟರೆ ಗ್ರೀನ್ ಕಾರ್ಡ್ ಅರ್ಜಿಗೇ ಕುತ್ತು. ಗೆಳೆಯರ ಹೆಸರಲ್ಲಿ ಕೊಂಡು ನಿಮ್ಮ ಮನೆಯಲ್ಲಿಡುವುದೂ ದೊಡ್ಡ ಅಪರಾಧವೇ.

ಊರಿಗೆ ತರುವ ಮಾತು ಬಿಡಿ. ಕೊಡವರಿಗೆ ಲೈಸೆನ್ಸ್‌ನಿಂದ ಇರುವ ವಿನಾಯಿತಿ ಕೂಡ ಕೋವಿಗೆ, ಪಿಸ್ತೂಲಿಗಲ್ಲ. ರೇಂಜಿಗೆ ಒಯ್ದ ಬ್ಯಾಗನ್ನೇ ಪ್ರಯಾಣಕ್ಕೂ ಬಳಸುವವರು ಹೊರಡುವ ಮುನ್ನ ಅದನ್ನು ಹಾಸಿಗೆಯ ಮೇಲೆ ತಲೆಕೆಳಗು ಮಾಡಿ ಕೊಡವಿ, ಹೊಲಿಗೆಯ ಸಂದಿಯಲ್ಲೂ ಬೆರಳಾಡಿಸಿ. ಮೂಲೆಯಲ್ಲಿ ಉಳಿದ ಒಂದೇ ಒಂದು ತೋಟಾ ಸಾಕು, ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಶಸ್ತ್ರಾಸ್ತ್ರ ಕಾಯ್ದೆಯ ಕೇಸು ಬೀಳಲು.